ಗುಡ್ಡದ ನೆತ್ತಿ ಎಲ್ಲಿ ಹೋಯಿತು?

ಕೊಲಂಬೊ ಫೋರ್ಟ್ ನಿಲ್ದಾಣದಿಂದ ದಕ್ಷಿಣಕ್ಕೆ ಹೋಗುವ ರೈಲು ಹತ್ತಿದರೆ ಬಲಗಡೆಯ ಕಿಟಕಿ ಹಿಡಿಯಬೇಕು. ನಗರ ಮುಗಿಯುವ ಮೊದಲೇ ಸಮುದ್ರ ಹಳಿಯ ಪಕ್ಕಕ್ಕೆ ಬಂದುಬಿಡುತ್ತದೆ. ಕೆಲವು ಕಡೆ ಅಲೆಗೂ ಹಳಿಗೂ ನಡುವೆ ಒಟ್ಟಿದ ಕರಿಕಲ್ಲಿನ ಸಾಲು ಬಿಟ್ಟರೆ ಬೇರೇನೂ ಇಲ್ಲ. ಸಿಗಡಿ ಅಂಟಿಸಿ ಕರಿದ ವಡೆಯ ಬುಟ್ಟಿ ಹೊತ್ತವರು ಓಡಾಡುತ್ತಿರುತ್ತಾರೆ. ಅವರಿಗೆ ದಾರಿ ಬಿಡುತ್ತ, ಬಾಗಿಲಲ್ಲಿ ಜೋತುಬಿದ್ದ ಹುಡುಗರ ಬೆನ್ನಾಚೆ ತೆಂಗಿನ ಸಾಲನ್ನು ನೋಡುತ್ತ ಅಲುತ್‌ಗಮದವರೆಗೆ ಹೋದೆವು. ಇಳಿದು ಆಟೋ ಹಿಡಿದು ಒಳನಾಡಿಗೆ ತಿರುಗಿದ ಮೇಲೆ ಶುರುವಾಯಿತು: ಮುರಕಲ್ಲಿನ ಕಟ್ಟೆ, ಹಲಸು, ಅಡಕೆ, ಬೇಲಿಯ ಮೇಲೆ ಒಣಹಾಕಿದ ಬಟ್ಟೆ, ಮಳೆಗೆ ಪಾಚಿ ಹಿಡಿದ ಹಂಚು.

"ಇದೆಂತ ಅಕ್ಕಾ, ಪಾಸ್‌ಪೋರ್ಟ್ ಹಿಡ್ಕೊಂಡು ಪುತ್ತೂರಿಗೇ ಬಂದ ಹಾಗುಂಟು" ಅಂದಳು ಜೊತೆಗಿದ್ದವಳು.

ಅವಳು ಪುತ್ತೂರಿನವಳು, ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ನಾನು ಲೆಕ್ಕಪರಿಶೋಧನೆಯವಳು, ಕಂಪನಿಗಳ ಪುಸ್ತಕ ತೆಗೆದು ಕೂರುವುದು ನನ್ನ ಅನ್ನ. ನಮ್ಮಿಬ್ಬರನ್ನು ಗಂಟುಹಾಕಿದ್ದು ವಾರಾಂತ್ಯದ ಒಂದು ತರಗತಿ. ಉದ್ಯಾನ ವಿನ್ಯಾಸ ಕಲಿಸುವ ಆ ತರಗತಿಯಲ್ಲಿ ಕಾಲೇಜು ವಯಸ್ಸಿನವರು ಯಾರೂ ಇಲ್ಲ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಸ್ವಯಂನಿವೃತ್ತಿ ತೆಗೆದುಕೊಂಡ ಎಂಜಿನಿಯರ್ ಒಬ್ಬರು ಇದ್ದಾರೆ. ಇಪ್ಪತ್ತು ವರ್ಷದಿಂದ ನರ್ಸರಿ ನಡೆಸಿಯೂ ಗಿರಾಕಿ "ಪ್ಲ್ಯಾನ್ ಕೊಡಿ" ಅಂದಾಗ ಪೆನ್ಸಿಲ್ ಹಿಡಿಯಲು ಬಾರದೆ ಪೇಚಾಡಿದ ಯಜಮಾನರೊಬ್ಬರೂ ಇದ್ದಾರೆ. ಗಿಡದ ವಿಚಾರಕ್ಕೆ ಬಂದರೆ ಆ ಯಜಮಾನರ ಮುಂದೆ ನಾವೆಲ್ಲ ಅಂಬೆಗಾಲಿಡುವ ಮಕ್ಕಳು.

ನಡುವಯಸ್ಸಿನಲ್ಲಿ ಹೊಸ ವಿದ್ಯೆಗೆ ಕೈಹಾಕುವವರಿಗೆ ಒಂದು ಆತುರ ಇರುತ್ತದೆ. ಕಳೆದುಹೋದ ವರ್ಷಗಳನ್ನು ಹೆಸರುಗಳಿಂದ ತುಂಬಿಕೊಳ್ಳುವ ಆತುರ. ನಾವೂ ಮೊದಲ ತಿಂಗಳುಗಳಲ್ಲಿ ಸಸ್ಯಗಳ ಲ್ಯಾಟಿನ್ ಹೆಸರುಗಳನ್ನು ಮೆಟ್ರೊದಲ್ಲಿ ಬಾಯಿಪಾಠ ಮಾಡಿದೆವು, ಸಿದ್ಧಾಪುರದ ನರ್ಸರಿಗಳಲ್ಲಿ ಸುತ್ತಿ ಚೀಟಿ ಬರೆದುಕೊಂಡೆವು. ನಮ್ಮ ಮೇಷ್ಟರು ಇದನ್ನು ನೋಡಿ ನೋಡಿ ಒಂದು ಭಾನುವಾರ ಲಾಲ್‌ಬಾಗಿಗೆ ಕರೆದುಕೊಂಡು ಹೋದರು. "ಒಂದೇ ಒಂದು ಗಿಡದ ಹೆಸರು ಎತ್ತದೆ ಈ ಜಾಗವನ್ನು ವಿವರಿಸಿ" ಅಂದರು. ಎಲ್ಲರ ಬಾಯಿ ಕಟ್ಟಿತು. ಬಹಳ ಹೊತ್ತಾದ ಮೇಲೆ ನರ್ಸರಿಯ ಯಜಮಾನರು ಮೆಲ್ಲಗೆ, "ಇಲ್ಲಿ ನೆಲ ಕೆರೆ ಕಡೆಗೆ ಇಳೀತದೆ ಸಾರ್. ದಾರಿ ಬಾಗಿರೋದ್ರಿಂದ ಮುಂದೇನಿದೆ ಅಂತ ಗೊತ್ತಾಗಲ್ಲ. ಅದಕ್ಕೇ ಕಾಲು ಮುಂದಕ್ಕೆ ಹೋಯ್ತದೆ" ಅಂದರು. ಮೇಷ್ಟರು ಆ ದಿನ ಬೇರೆ ಪಾಠ ಮಾಡಲಿಲ್ಲ.

ಅದೇ ಮೇಷ್ಟರು ಇನ್ನೊಂದು ದಿನ ಗೋಡೆಯ ಮೇಲೆ ಶ್ರೀಲಂಕಾದ ಒಂದು ತೋಟದ ಚಿತ್ರಗಳನ್ನು ಬೀಳಿಸಿದರು. ಲುನುಗಂಗ. ಜೆಫ್ರಿ ಬಾವಾ ಎಂಬ ವಾಸ್ತುಶಿಲ್ಪಿ ಐವತ್ತು ವರ್ಷ ತಿದ್ದಿದ ಜಾಗ. ಕಟ್ಟಡಗಳ ಮಟ್ಟಿಗೆ ಬಾವಾ ಹೆಸರು ಜಗತ್ತಿಗೆಲ್ಲ ಗೊತ್ತು. ಕೋಟ್ಟೆಯಲ್ಲಿ ನೀರಿನ ನಡುವೆ ನಿಂತ ಶ್ರೀಲಂಕಾ ಸಂಸತ್ತು, ದಂಬುಲ್ಲದ ಬಳಿ ಬಂಡೆಗೆ ಒರಗಿಕೊಂಡ ಕಂಡಲಮ ಹೋಟೆಲು ಅವರವೇ. ಆದರೆ ನಮ್ಮ ಕಿವಿ ನೆಟ್ಟಗಾಗಿದ್ದು ಬೇರೆ ಸಂಗತಿಗೆ. ಅವರು ಓದಿದ್ದು ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, ಆಮೇಲೆ ಲಂಡನ್ನಿನಲ್ಲಿ ಕಾನೂನು. ಕೊಲಂಬೊದಲ್ಲಿ ವಕೀಲಿಕೆ ಮಾಡಿ ಬೇಸತ್ತು ದೇಶ ಸುತ್ತಿದರು. ಇಟಲಿಯಲ್ಲಿ ಒಂದು ತೋಟದ ಮನೆ ಕೊಳ್ಳುವ ಯೋಚನೆ ಕೈಗೂಡದೆ ವಾಪಸು ಬಂದು, 1948ರಲ್ಲಿ ಬೆಂತೊಟದ ಹತ್ತಿರ ದೆದ್ದುವ ಹಿನ್ನೀರಿನ ದಂಡೆಯಲ್ಲಿ ಪಾಳುಬಿದ್ದ ರಬ್ಬರ್ ಎಸ್ಟೇಟೊಂದನ್ನು ಕೊಂಡರು. ಆಗ ಅವರಿಗೆ 29. ತೋಟ ಮಾಡಲು ಹೊರಟ ಮೇಲೆ ತನಗೆ ಅಳತೆ, ನಕ್ಷೆ, ಕಟ್ಟೋಣ ಏನೂ ಬರುವುದಿಲ್ಲ ಎಂದು ಗೊತ್ತಾಯಿತು. 1951ರಲ್ಲಿ ಕೊಲಂಬೊದ ಎಡ್ವರ್ಡ್ಸ್, ರೀಡ್ ಅಂಡ್ ಬೆಗ್ ಎಂಬ ಕಚೇರಿಯಲ್ಲಿ ಕೆಲಸ ಕಲಿಯಲು ಸೇರಿದರು. ಕಲಿಸುತ್ತಿದ್ದ ರೀಡ್ ಮರುವರ್ಷವೇ ತೀರಿಕೊಂಡಾಗ ಮತ್ತೆ ಲಂಡನ್ನಿಗೆ ಹೋಗಿ, ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನ ಶಾಲೆಯಲ್ಲಿ ತಮಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಕೂತರು. ಪಾಸಾದಾಗ 1957, ವಯಸ್ಸು 38.

ತರಗತಿಯಲ್ಲಿ ಒಂದು ನಿಟ್ಟುಸಿರು ಹರಿದಾಡಿದ್ದು ನನಗೆ ಕೇಳಿಸಿತು. 38 ಅಂದರೆ ನಮ್ಮಲ್ಲಿ ಹಲವರಿಗಿಂತ ಕಿರಿಯ.

ನಮ್ಮ ದೇಶದಲ್ಲಿ ಇಂಥವರಿಗೆ ಬಾಗಿಲು ಅರ್ಧ ತೆರೆದಿದೆ, ಅರ್ಧ ಮುಚ್ಚಿದೆ. ದೆಹಲಿ, ಅಹಮದಾಬಾದಿನಂಥ ಕಡೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರಿನ ಸ್ನಾತಕೋತ್ತರ ಪದವಿಗೆ ಸಾಮಾನ್ಯವಾಗಿ ವಾಸ್ತುಶಿಲ್ಪದ ಐದು ವರ್ಷದ ಪದವಿ ಕೈಯಲ್ಲಿರಬೇಕು. ನಲವತ್ತರಲ್ಲಿ ಅದಕ್ಕೆ ಹೋಗುವವರು ಯಾರು? ಇನ್ನೊಂದು ಕಡೆ 1972ರ ವಾಸ್ತುಶಿಲ್ಪಿಗಳ ಕಾಯ್ದೆ ನೋಡಿ: ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ ಎಂದು ಹೇಳುವ ಅದರ 37ನೇ ಕಲಮು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟಿಗೂ ನೇವಲ್ ಆರ್ಕಿಟೆಕ್ಟಿಗೂ ವಿನಾಯಿತಿ ಕೊಟ್ಟಿದೆ. ಗಿಡ ನೆಡುವವರನ್ನು ಹಡಗು ಕಟ್ಟುವವರ ಪಕ್ಕದಲ್ಲಿ ಕೂರಿಸಿದ ಪುಣ್ಯಾತ್ಮರಿಗೆ ನಮಸ್ಕಾರ. ಅಂತೂ ವಾರಾಂತ್ಯದ ಕೋರ್ಸು, ಒಬ್ಬರ ಕೈಕೆಳಗೆ ಒಂದಷ್ಟು ಕಾಲ ದುಡಿಮೆ, ಉಳಿದದ್ದು ಸ್ವಂತ ಕಾಲಿನ ಓಡಾಟ. ಈ ಓಡಾಟದ ಭಾಗವಾಗಿಯೇ ನಾವಿಬ್ಬರೂ ರಜೆ ಕೂಡಿಸಿಟ್ಟು ಲಂಕೆಗೆ ಹೊರಟಿದ್ದು.

ಮೊದಲು ಹೋಗಿದ್ದು ಜೆಫ್ರಿಯವರ ಅಣ್ಣ ಬೆವಿಸ್ ಬಾವಾ ಅವರ ಬ್ರೀಫ್ ತೋಟಕ್ಕೆ. ವಕೀಲರಾಗಿದ್ದ ತಂದೆ ಒಂದು ಮೊಕದ್ದಮೆಯ ದುಡ್ಡಿನಲ್ಲಿ ಕೊಂಡ ಜಮೀನು, ಹೆಸರು ಬಂದದ್ದು ಅದರಿಂದ. ಬೆವಿಸ್ ಆರಡಿ ಏಳಂಗುಲದ ಆಳು, ಸೈನ್ಯದಲ್ಲಿದ್ದವರು, ಸಿಲೋನಿನ ಗವರ್ನರುಗಳಿಗೆ ಸೇನಾ ಆಪ್ತಸಹಾಯಕರಾಗಿ (ಎಡಿಸಿ) ದುಡಿದವರು. ರಬ್ಬರ್ ತೋಟದ ನಡುವೆ 1929ರಲ್ಲಿ ಗಿಡ ನೆಡಲು ತೊಡಗಿ, ಯಾವ ಶಾಲೆಗೂ ಹೋಗದೆ ಕೊನೆಗೆ ಅದೇ ವೃತ್ತಿಯವರಾದರು. ಬ್ರೀಫ್ ಒತ್ತೊತ್ತಾದ ತೋಟ. ಬಿದಿರು, ಜರಿಗಿಡ, ಮೆಟ್ಟಿಲು, ಶಿಲ್ಪ, ಮತ್ತೆ ಬಿದಿರು. ಎಲ್ಲೋ ಒಂದು ಕಡೆ ತುಂಟತನದ ಮೂರ್ತಿಯೊಂದು ಬಾಯಿಂದ ನೀರು ಉಗುಳುತ್ತದೆ. ನನ್ನ ಗೆಳತಿಗೆ ತುಂಬ ಹಿಡಿಸಿತು. ನನಗೆ ಉಸಿರು ಕಟ್ಟಿದ ಹಾಗಾಯಿತು. ಆದರೂ ತಮ್ಮನ ತೋಟ ಅರ್ಥವಾಗಬೇಕಾದರೆ ಅಣ್ಣನದನ್ನು ಮೊದಲು ನೋಡುವುದು ಒಳ್ಳೆಯದು. ಒಂದೇ ಮನೆಯವರು, ಒಂದೇ ಮಣ್ಣು, ಒಂದೇ ಮಳೆ. ಒಬ್ಬರು ಸೇರಿಸುತ್ತ ಹೋದರು.

ಇನ್ನೊಬ್ಬರು ಏನು ಮಾಡಿದರು ಎಂದು ತಿಳಿಯಲು ನನಗೆ ಒಂದಿಡೀ ಬೆಳಗು ಹಿಡಿಯಿತು.

ಲುನುಗಂಗದಲ್ಲಿ ಹೂವು ಕಡಿಮೆ. ಸಸ್ಯಸಂಪತ್ತು ನೋಡಲು ಬಂದವರಿಗೆ ನಿರಾಸೆಯಾದೀತು. ಹಸಿರು, ಹಸಿರಿನ ಮೇಲೆ ಬೀಳುವ ನೆರಳು, ಕಪ್ಪು-ಬಿಳುಪು ನೆಲಗಟ್ಟು, ಅಷ್ಟೇ. ಮನೆ ದೊಡ್ಡದೇನಲ್ಲ. ಅದರ ತೆಂಕಣ ಜಗಲಿಯಲ್ಲಿ ನಿಂತರೆ ಹುಲ್ಲುಹಾಸು ಮೆಲ್ಲಗೆ ಏರುತ್ತ ಒಂದು ಗುಡ್ಡದ ಮೇಲಕ್ಕೆ ಹೋಗುತ್ತದೆ. ಅದರ ಹೆಸರು ದಾಲ್ಚಿನ್ನಿ ಗುಡ್ಡ. ನೆತ್ತಿಯಲ್ಲಿ ಒಂದು ಮರ, ಮರದ ಬುಡದಲ್ಲಿ ಒಂದು ದೊಡ್ಡ ಚೀನೀ ಹೂಜಿ. ಕಣ್ಣು ಆ ಹೂಜಿಯ ಮೇಲೆ ಕೂತು, ಅಲ್ಲಿಂದ ಜಿಗಿದು ಆಚೆಯ ಹಿನ್ನೀರಿನ ಹೊಳಪಿಗೆ ಹೋಗಿ, ಅದರಾಚೆ ದೂರದ ದಿಬ್ಬದ ಮೇಲಿನ ಬಿಳಿಯ ಸ್ತೂಪಕ್ಕೆ ತಾಗುತ್ತದೆ. ಸ್ತೂಪ ತೋಟದ್ದಲ್ಲ. ಯಾವುದೋ ಊರಿನ ವಿಹಾರ. ಆದರೂ ಇದಕ್ಕೆ ಸೇರಿದ್ದೇ ಅನಿಸುತ್ತದೆ.

ಎಷ್ಟು ಸಹಜ! ದೇವರೇ ಹೀಗೆ ಇಟ್ಟದ್ದು ಅನ್ನಿಸಬೇಕು. ಇಂಥ ಸಹಜತೆ ಕಂಡರೆ ನನ್ನ ಹಳೆಯ ವೃತ್ತಿ ಒಳಗಿನಿಂದ ಕೆಮ್ಮುತ್ತದೆ. ಲೆಕ್ಕಪತ್ರದಲ್ಲಿ ಎಲ್ಲ ಸರಿಯಾಗಿ ಕೂತಿದ್ದರೆ ನಾವು ಮೊದಲು ಕೇಳುವುದು, ಇಲ್ಲಿ ಏನು ಇಲ್ಲ? ಬರೆದದ್ದನ್ನು ಯಾರು ಬೇಕಾದರೂ ಓದಬಹುದು. ಬರೆಯದೆ ಬಿಟ್ಟದ್ದನ್ನು ಹುಡುಕುವುದಕ್ಕೆ ನಮಗೆ ಸಂಬಳ. ನಾನು ಮಾರ್ಗದರ್ಶಿ ಹುಡುಗನನ್ನು ಕೇಳಿದೆ: ಮನೆಗಿಂತ ಎತ್ತರದ ಗುಡ್ಡ ಅಡ್ಡ ಇರುವಾಗ ಅದರ ಹಿಂದಿನ ನೀರು ಇಲ್ಲಿಗೆ ಹೇಗೆ ಕಾಣುತ್ತದೆ?

ಅವನು ನಕ್ಕ. ಗುಡ್ಡದ ನೆತ್ತಿಯನ್ನು ಕಡಿದು ತಗ್ಗಿಸಲಾಗಿದೆ ಎಂದ.

ಮೂಲ ಗುಡ್ಡದ ಬೆನ್ನಿನ ಗೆರೆ ಎಲ್ಲಿತ್ತು ಎಂದು ಊಹಿಸುತ್ತ ಅಲ್ಲೇ ನಿಂತೆವು. ತರಗತಿಯಲ್ಲಿ ಕಾಂಟೂರ್ ಗೆರೆಗಳನ್ನು ಎಳೆಯುವಾಗ, ಇಲ್ಲಿ ಇಷ್ಟು ಕಡಿ, ಅಲ್ಲಿ ಅಷ್ಟು ತುಂಬು ಎಂದು ಲೆಕ್ಕ ಹಾಕುವಾಗ, ಅದೊಂದು ಹಿಂಸೆಯ ಗಣಿತ ಅನಿಸುತ್ತಿತ್ತು. ಇಲ್ಲಿ ಆ ಗಣಿತದ ಫಲ ಕಣ್ಣಮುಂದಿತ್ತು. ಒಂದು ಗಿಡ ನೆಡುವ ಮೊದಲು, ಗುಡ್ಡದ ಮೇಲಿನಿಂದ ಕೆಲವು ಅಡಿ ಮಣ್ಣು ಹೋಗಿದೆ. ಅದು ಹೋದದ್ದರಿಂದ ನೀರು ಬಂದಿದೆ, ಸ್ತೂಪ ಬಂದಿದೆ. ಮುಂದೆ ನಡೆದಾಗ ಇನ್ನೊಂದು ಸಿಕ್ಕಿತು. ಮನೆಗೂ ಗುಡ್ಡಕ್ಕೂ ನಡುವೆ ಊರಿನ ರಸ್ತೆ ಹಾದುಹೋಗುತ್ತದೆ. ಜಗಲಿಯಿಂದ ನೋಡಿದರೆ ಅದು ಕಾಣುವುದೇ ಇಲ್ಲ, ಹುಲ್ಲು ಒಂದೇ ಸಮನೆ ಹೋದಂತೆ ತೋರುತ್ತದೆ. ರಸ್ತೆ ತಗ್ಗಿನಲ್ಲಿ ಅಡಗಿದೆ, ಮೇಲೊಂದು ಸೇತುವೆ. ನಾವು ಸೇತುವೆಯ ಮೇಲಿದ್ದಾಗ ಕೆಳಗೆ ಯಾರೋ ಸ್ಕೂಟರಿನಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ಹೋದರು. ರಸ್ತೆಯನ್ನು ಮುಚ್ಚಿಸಿಲ್ಲ, ಊರವರಿಗೆ ಸುತ್ತು ಹಾಕಿಸಿಲ್ಲ. ನೋಟದಿಂದ ಮಾತ್ರ ತೆಗೆದುಬಿಟ್ಟಿದ್ದಾರೆ. ಈ ಜಾಣತನಕ್ಕೆ ನಾನು ತಲೆಬಾಗಿದೆ.

ಗುಡ್ಡದ ಮೇಲಿನ ಮರದ ಹತ್ತಿರ ಹೋದದ್ದೇ ಗೆಳತಿ ಕೂಗಿದಳು: "ಅಕ್ಕಾ, ಇದು ನಮ್ಮ ರೆಂಜೆ!" ಬಯಲುಸೀಮೆಯವರು ಬಕುಳ ಎನ್ನುವ, ಅವಳ ಅಜ್ಜಿ ಬಾಳೆನಾರಿನಲ್ಲಿ ಪೋಣಿಸಿ ದೇವರ ಪಟಕ್ಕೆ ಹಾಕುತ್ತಿದ್ದ, ಒಣಗಿದರೂ ಪರಿಮಳ ಬಿಡದ ಹೂವಿನ ಮರ. ಪರದೇಶದಿಂದ ತಂದ ಅಪರೂಪದ್ದಲ್ಲ, ಅಲ್ಲೇ ಬೇಲಿ ಪಕ್ಕದಲ್ಲಿ ಸಿಗುವಂಥದ್ದು. ಬೆಂಗಳೂರಿನ ನಮ್ಮ ಗಿರಾಕಿಗಳಿಗೆ ರೆಂಜೆ ಹೇಳಿ ನೋಡಿ! ಫಾಕ್ಸ್‌ಟೇಲ್ ಪಾಮ್ ಬೇಕು ಎನ್ನುತ್ತಾರೆ.

ಮನೆಯ ಬಡಗಣ ಕಡೆ ಹಿನ್ನೀರಿಗೆ ಮುಖ ಮಾಡಿದ ಅಂಗಳದಲ್ಲಿ ಒಂದು ದೇವಕಣಗಿಲೆ ಮರವಿದೆ. ಅದರ ಕೊಂಬೆಗಳು ಮೇಲಕ್ಕೆ ಹೋಗದೆ ಅಡ್ಡಡ್ಡ ಹರಡಿ, ಮೊಳಕೈ ಬಾಗಿಸಿಕೊಂಡು ನಿಂತಿವೆ. ಎಳೆಯದರಲ್ಲಿ ಕೊಂಬೆಗಳಿಗೆ ಭಾರ ಕಟ್ಟಿ ವರ್ಷಾನುಗಟ್ಟಲೆ ಬಗ್ಗಿಸಿದ್ದಂತೆ. ಗೆಳತಿ ಅದರ ಸುತ್ತ ಸುತ್ತಿದಳು, ಗಂಟುಗಳನ್ನು ಮುಟ್ಟಿ ನೋಡಿದಳು. "ಇದು ಟ್ರ್ಯಾಕ್ಷನ್ ಅಕ್ಕಾ. ನಾವು ಸೊಂಟ ನೋವಿನವರಿಗೆ ಕಟ್ಟುವುದನ್ನು ಇವರು ಮರಕ್ಕೆ ಕಟ್ಟಿದ್ದಾರೆ. ನೋಡಿ, ಅವಸರ ಮಾಡಿದ್ರೆ ಇಲ್ಲೇ ಮುರೀತಿತ್ತು." ಅವಳ ಹದಿನೈದು ವರ್ಷದ ಆಸ್ಪತ್ರೆಯ ಕೆಲಸ ಆ ಬೆರಳುಗಳಲ್ಲಿತ್ತು. ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಗೆ ಆ ಮರದಲ್ಲಿ ಅದು ಕಾಣುತ್ತಿರಲಿಲ್ಲ. ತರಗತಿಯಲ್ಲಿ ನಾವು ಹಳೆಯ ಕೆಲಸವನ್ನು ಬಾಗಿಲಾಚೆ ಚಪ್ಪಲಿಯ ಜೊತೆ ಬಿಟ್ಟುಬರಲು ಹೆಣಗುತ್ತಿದ್ದೆವು.

ಉಳಿದದ್ದನ್ನು ಬೇಗ ದಾಟುತ್ತೇನೆ. ಹೂಜಿಗಳ ಬಯಲು, ಕೆಳಗಿನ ಭತ್ತದ ಗದ್ದೆ, ಹಳದಿ ಅಂಗಳ, ಕೋಳಿಗೂಡು ಇವೆಲ್ಲ ಚಿತ್ರಗಳಲ್ಲಿ ನೋಡಿದ ಹಾಗೇ ಇವೆ. ನನಗೆ ಉಪಯೋಗಕ್ಕೆ ಬಂದದ್ದು ಕುರ್ಚಿ ಮೇಜುಗಳು. ತೋಟದಲ್ಲಿ ಅಲ್ಲಲ್ಲಿ ಕೂರುವ ಜಾಗಗಳಿವೆ, ಹತ್ತಿರದಲ್ಲೇ ಒಂದೊಂದು ಗಂಟೆ. ಪ್ರತಿಯೊಂದರ ದನಿ ಬೇರೆ, ಬಾವಾ ಎಲ್ಲಿ ಕೂತು ಬಾರಿಸುತ್ತಿದ್ದಾರೆ ಎಂದು ಅಡುಗೆಮನೆಯವರಿಗೆ ದನಿಯಿಂದಲೇ ತಿಳಿಯುತ್ತಿತ್ತಂತೆ. ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ಸಂಜೆ ಮತ್ತೊಂದು ಕಡೆ. ಹತ್ತು ಗಂಟೆಯ ಬಿಸಿಲಿನಲ್ಲಿ ಮನುಷ್ಯ ಎಲ್ಲಿ ಕೂತರೆ ಹಿತ, ಅಲ್ಲಿಂದ ಅವನಿಗೆ ಏನು ಕಾಣಬೇಕು, ಆಮೇಲೆ ಅಲ್ಲಿ ಯಾವ ಗಿಡ. ಅನುಕ್ರಮ ಹೀಗೆ. ನಮ್ಮ ಪ್ಲ್ಯಾನುಗಳಲ್ಲಿ ಮೊದಲು ಗಿಡ ಬರುತ್ತದೆ, ಬೆಂಚು ಉಳಿದ ಮೂಲೆಗೆ ಹೋಗುತ್ತದೆ.

ಗುಡ್ಡದಿಂದ ಇಳಿಯುವಾಗ ಮತ್ತೊಂದು ಪ್ರಶ್ನೆ ಕೇಳಿದೆ. ಆ ನೆತ್ತಿಯ ಮಣ್ಣನ್ನು ಕಡಿದವರು ಯಾರು?

ಎಸ್ಟೇಟಿನ ಆಳುಗಳು, ಸುತ್ತಮುತ್ತಲ ಹಳ್ಳಿಯವರು ಎಂದ ಹುಡುಗ. ಹೆಸರು ಬರಲಿಲ್ಲ. ಅವನ ತಪ್ಪಲ್ಲ, ಯಾರೂ ಅವನಿಗೆ ಹೇಳಿಕೊಟ್ಟಿರಲಾರರು. ಗುದ್ದಲಿ ಬುಟ್ಟಿಯಲ್ಲಿ ಒಂದು ಗುಡ್ಡ ಇಳಿಸಿದವರ ಪಟ್ಟಿ ಯಾವ ಫಲಕದಲ್ಲೂ ನನಗೆ ಕಾಣಲಿಲ್ಲ. ನಡುವಯಸ್ಸಿನಲ್ಲಿ ದಾರಿ ಬದಲಿಸಿದವರ ಕಥೆ ಕೇಳಿ ಹುರುಪು ತಂದುಕೊಳ್ಳುವ ನಮ್ಮಂಥವರು ಇಲ್ಲಿ ಸ್ವಲ್ಪ ತಡೆಯಬೇಕು. ಬಾವಾ ಅನುಕೂಲಸ್ಥ ಮನೆತನದವರು. ಅವರಿಗೆ ಗೃಹಸಾಲದ ಕಂತು ಇರಲಿಲ್ಲ, ಮಕ್ಕಳ ಶಾಲೆಯ ಫೀಸು ಇರಲಿಲ್ಲ, ರೋಲ್ಸ್‌ರಾಯ್ಸ್ ಇತ್ತು. ಲಂಡನ್ನಿನಲ್ಲಿ ಓದುತ್ತಿದ್ದಾಗ ತೋಟ ಕಾಯುವವರಿದ್ದರು. ಧೈರ್ಯ ಅವರದೇ, ಒಪ್ಪೋಣ. ಆ ಧೈರ್ಯಕ್ಕೆ ಠೇವಣಿ ಬೇರೆ ಕಡೆ ಇತ್ತು.

ಆದರೆ ದುಡ್ಡಿಗಿಂತ ನನ್ನನ್ನು ಕಾಡಿದ್ದು ಇನ್ನೊಂದು. ಅವರಿಗೆ ವಿದ್ಯೆಗಿಂತ ಮೊದಲು ನೆಲ ಇತ್ತು. ಒಂಬತ್ತು ವರ್ಷ ಆ ಗುಡ್ಡ ಅಡ್ಡ ನಿಂತು ಪ್ರಶ್ನೆ ಕೇಳಿದ ಮೇಲೆ ಪದವಿ ಬಂತು. ಶಾಲೆಯಲ್ಲಿ ಏನು ಕೇಳಬೇಕೆಂದು ಅವರಿಗೆ ಗೊತ್ತಿತ್ತು. ನಾವು ವಾರಾಂತ್ಯದವರು ಲೆವೆಲ್ ನೋಡಲು, ಸೆಕ್ಷನ್ ಬರೆಯಲು, ಹುಲ್ಲುಹಾಸಿಗೆ ನೂರಡಿಗೆ ಒಂದೆರಡಡಿ ಇಳಿಜಾರು ಕೊಡಲು ಕಲಿಯುತ್ತೇವೆ. ಕೊಡುವುದಕ್ಕೆ ನೂರಡಿ ಎಲ್ಲಿದೆ? ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಉಳಿಯುವುದು ಕಾರಿಗೆ. ಪರರ ಜಾಗಕ್ಕೆ ಹೋಗಿ ಪ್ಲ್ಯಾನು ಕೊಟ್ಟು ಬರುತ್ತೇವೆ. ಐದನೆಯ ವರ್ಷ ಆ ಗಿಡ ಏನಾಯಿತು, ಆ ಇಳಿಜಾರಿನಲ್ಲಿ ನೀರು ಎತ್ತ ಹೋಯಿತು ಎಂದು ನೋಡುವುದೇ ಇಲ್ಲ.

ಬೆಂತೊಟದ ಪುಟ್ಟ ರೈಲು ನಿಲ್ದಾಣವೂ ಬಾವಾ ಅವರದೇ ವಿನ್ಯಾಸ. ವಾಪಸು ಗಾಡಿಗೆ ಕಾಯುತ್ತ ಅಲ್ಲಿ ಈ ಮಾತು ತೆಗೆದೆ. ಗೆಳತಿ ಚಂಡೀಗಢದ ನೇಕ್ ಚಂದ್ ಕಥೆ ಎತ್ತಿದಳು. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರು. ಹಗಲು ಕೆಲಸ, ಬಿಡುವಿನಲ್ಲಿ ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲು ಹೊತ್ತು ಸರ್ಕಾರದ ಕಾಡುಜಾಗದಲ್ಲಿ ಗುಟ್ಟಾಗಿ ತೋಟ ಕಟ್ಟಿದವರು. ಅಧಿಕಾರಿಗಳಿಗೆ ಗೊತ್ತಾಗುವ ಹೊತ್ತಿಗೆ ಅದು ಒಂದು ಸಾಮ್ರಾಜ್ಯ ಆಗಿತ್ತು. 1976ರಲ್ಲಿ ರಾಕ್ ಗಾರ್ಡನ್ ಎಂದು ಸಾರ್ವಜನಿಕರಿಗೆ ತೆರೆದರು.

"ಹಾಗಾದ್ರೆ ಒಬ್ರು ನೆಲ ಕೊಂಡ್ರು, ಒಬ್ರು ಕದ್ರು. ನಮಗೆ ಯಾವುದಕ್ಕ?"

ನಮ್ಮ ಲಾಲ್‌ಬಾಗಿನ ಕೃಂಬಿಗಲ್ ಅವರನ್ನು ನಾನು ನೆನೆದೆ. ಜರ್ಮನಿಯಲ್ಲಿ ತೋಟದ ಕೆಲಸ ಕಲಿತು, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬರೋಡಾಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನ ಸೇರಿದವರು. ಅವರಿಗೆ ಸ್ವಂತದ ನೆಲ ಬೇಕಾಗಲಿಲ್ಲ, ಸಂಸ್ಥಾನವೇ ಊರನ್ನು ಕೈಗೆ ಕೊಟ್ಟಿತು. ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರ ನೆಡಿಸಿದ ಕೀರ್ತಿ ಅವರದು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು, ಅಂದರೆ ತಾವು ನೆಟ್ಟದ್ದು ಮರವಾದದ್ದನ್ನು ಕಣ್ಣಾರೆ ನೋಡಿದರು. ಅಂಥ ಸಂಸ್ಥಾನ ಈಗ ಯಾರಿಗೆ ಸಿಗುತ್ತದೆ? ಸಿಗುವುದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನು.

ಗೆಳತಿ ಆಗಲೇ ಅಮ್ಮನಿಗೆ ಫೋನು ಹಚ್ಚಿದ್ದಳು. ಮನೆಯ ಹಿಂದಿನ ಬರೆಯ ಮಣ್ಣು ಮಳೆಗೆ ಎಲ್ಲಿಂದ ಕುಸಿಯುತ್ತದೆ, ಬಾವಿ ಕಟ್ಟೆಯಿಂದ ಎಷ್ಟು ಹೆಜ್ಜೆ ಎಂದು ವಿಚಾರಿಸುತ್ತಿದ್ದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು: "ನೀನು ಲಂಕೆಗೆ ಹೋದದ್ದು ಇದಕ್ಕಾ?"

ಊರಿಗೆ ಬಂದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಸೆಟ್‌ಬ್ಯಾಕನ್ನು ಅಳೆಯಲು ಶುರುಮಾಡಿದ್ದೇನೆ. ಕಾಂಪೌಂಡಿನ ಉದ್ದಕ್ಕೂ ಹೋಗುವ ಕಿರಿದಾದ ಪಟ್ಟಿ ಅದು. ಡುರಾಂಟ ಗಿಡದ ಸಾಲು, ಬೋಳಾದ ಮೆಕ್ಸಿಕನ್ ಹುಲ್ಲು, ಮಳೆ ಬಂದರೆ ಜನರೇಟರ್ ಪಕ್ಕದಲ್ಲಿ ಪಾದ ಮುಳುಗುವಷ್ಟು ನೀರು. ಗಾರೆಯವರಿಂದ ಮಟ್ಟದ ಪೈಪು ಕೇಳಿ ತಂದೆ. ಪೈಪಿನ ಇನ್ನೊಂದು ತುದಿಯನ್ನು ವಾಚ್‌ಮನ್ ಹಿಡಿದರು. ಅವರು ಯಾದಗಿರಿ ಕಡೆಯವರು, ಊರಲ್ಲಿ ಹೊಲಕ್ಕೆ ಬದು ಹಾಕಿದವರು. ನೀರು ನಿಲ್ಲುವುದು ನಾನು ಅಂದುಕೊಂಡ ಜಾಗದ ತಗ್ಗಿನಿಂದಲ್ಲ, ಅದರ ಮುಂದೆ ಯಾವಾಗಲೋ ಸುರಿದು ಮರೆತ ಕಟ್ಟಡದ ಕಸದ ದಿಬ್ಬದಿಂದ ಎಂದು ಪೈಪು ಎತ್ತುವ ಮೊದಲೇ ಹೇಳಿಬಿಟ್ಟರು. ಆಮೇಲೆ ಅಳೆದಾಗ ಅದೇ ಬಂತು. ನಕ್ಷೆಯ ಮೂಲೆಯಲ್ಲಿ ನನ್ನ ಹೆಸರಿನ ಕೆಳಗೆ ಅವರ ಹೆಸರನ್ನೂ ಬರೆದಿದ್ದೇನೆ.

ಅಸೋಸಿಯೇಷನ್ ಸಭೆಯಲ್ಲಿ ಕಾರ್ಯದರ್ಶಿಗಳು ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾವ್ಯಾವ ಗಿಡ ಹಾಕ್ತೀರಿ ಮೇಡಂ?"

"ಈ ವರ್ಷ ಯಾವುದೂ ಇಲ್ಲ ಸಾರ್. ಮೊದಲು ಆ ದಿಬ್ಬ ತೆಗೆಸೋಣ. ಒಂದು ಮಳೆಗಾಲ ನೀರು ಹೇಗೆ ಹರಿಯುತ್ತೆ ನೋಡೋಣ."

"ದುಡ್ಡು ಖರ್ಚು ಮಾಡಿ ಏನೂ ನೆಡೋದಿಲ್ವಾ?" ಎಂದು ಮೂರನೇ ಮಹಡಿಯವರು ಕೇಳಿದರು. ಒಂದು ಫಾಕ್ಸ್‌ಟೇಲ್ ಪಾಮಾದರೂ ಹಾಕಿ ಎಂದು ಇನ್ನೊಬ್ಬರು ಸೂಚಿಸಿದರು. ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ದಿಬ್ಬ ತೆಗೆಸಲು ಎರಡು ಟ್ರ್ಯಾಕ್ಟರ್ ಲೋಡಿನ ಬಾಡಿಗೆ ಎಷ್ಟಾಗುತ್ತದೆ ಎಂದು ವಿಚಾರಿಸಿ ತರುವ ಕೆಲಸ ನನಗೇ ಬಿದ್ದಿದೆ.